ಎಡಗಡೆಯ ಸವೆತ

ಮಾರ್ಚ್ 3, ಸೋಮವಾರ

ಹರಾಜು ಮನೆಯಿಂದ ಫೋನ್ ಬಂತು, ಹನ್ನೊಂದು ವರ್ಷದ ಮೇಲೆ. ಮೇನೇಜರು ನನ್ನ ಆರೋಗ್ಯ ವಿಚಾರಿಸಿದರು, ಮನೆಯವಳ ಆರೋಗ್ಯ ವಿಚಾರಿಸಿದರು, ಇನ್ನೇನು ಬೆಕ್ಕಿನದನ್ನೂ ವಿಚಾರಿಸುತ್ತಾರೆ ಎನ್ನುವಷ್ಟರಲ್ಲಿ ವಿಷಯಕ್ಕೆ ಬಂದರು. ಒಬ್ಬ ನಿವೃತ್ತ ಡಾಕ್ಟರಮ್ಮ ಮನೆ ಖಾಲಿ ಮಾಡಿ ತಂಗಿಯ ಫ್ಲಾಟಿಗೆ ಹೋಗುತ್ತಿದ್ದಾರಂತೆ. ಅವರ ಹತ್ತಿರ ಆರು ಕುರ್ಚಿಗಳ ಒಂದು ಸೆಟ್ ಇದೆ. ಇನ್ನೂರು ವರ್ಷ ಹಳೆಯದೆಂದು ಪ್ರಮಾಣಪತ್ರವೂ ಇದೆ. ಇಪ್ಪತ್ತೆರಡನೇ ತಾರೀಖು ಹರಾಜು. ಅದಕ್ಕೆ ಮೊದಲು ಇನ್ನೊಬ್ಬರು ನೋಡಿ ವಯಸ್ಸು, ಬೆಲೆ ಬರೆದುಕೊಡಬೇಕು. ಅವರ ಈಗಿನ ಪರೀಕ್ಷಕ ಕೆಲಸ ಬಿಟ್ಟು ಹೋಗಿದ್ದಾನೆ.

"ಇದೊಂದು ಸರಿಯಾಗಿ ಮಾಡಿಕೊಡಿ. ಆಮೇಲೆ ನಿಮ್ಮ ಹಳೇ ಜಾಗದ ವಿಷಯ ಮಾತಾಡೋಣ" ಅಂದರು.

"ಪ್ರಮಾಣಪತ್ರ ಯಾರದು?" ಎಂದು ಕೇಳಿದೆ. ಮೇನೇಜರು ಕೆಮ್ಮಿದರು. ಆಗಲೇ ಗೊತ್ತಾಯಿತು.

ಆ ಮನುಷ್ಯನದು. ಹದಿನಾಲ್ಕು ವರ್ಷದ ಹಿಂದೆ ಆ ಸೆಟ್ಟನ್ನು ಡಾಕ್ಟರಮ್ಮನಿಗೆ ಮಾರಿದವನೂ ಅವನೇ. ಈ ಪುಸ್ತಕದಲ್ಲಿ ಅವನನ್ನು ಅಣ್ಣ ಎಂದು ಬರೆಯುವುದಿಲ್ಲ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು ನನ್ನ ತಪ್ಪಲ್ಲ.

ನೆನಪು ತುಕ್ಕು ಹಿಡಿಯದಿರಲೆಂದು ಇನ್ನೊಮ್ಮೆ ಬರೆದಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಆ ಹರಾಜು ಮನೆಯಲ್ಲಿ ಕುರ್ಚಿಗಳ ಪರೀಕ್ಷಕನಾಗಿದ್ದವನು ನಾನು. ಕಾನೂನು ಕಾಲೇಜಿನ ಗ್ರಂಥಾಲಯದಿಂದ ಒಂದು ಕುರ್ಚಿ ಬಂತು. ನಾನು ನಕಲಿ ಎಂದೆ. ತುಂಬಿದ ಹಾಲಿನಲ್ಲಿ ಆ ಮನುಷ್ಯ ಎದ್ದು ಬಂದು, ಕುರ್ಚಿಯನ್ನು ಬೋರಲು ಹಾಕಿ, ಆಸನದ ಅಡಿಯ ಬಟ್ಟೆ ಕಿತ್ತ. ಅಲ್ಲಿ ಅದನ್ನು ಮಾಡಿದ ಬಡಗಿ ಅಂಟಿಸಿದ್ದ ಚೀಟಿ ಇತ್ತು, ತಾರೀಖು ಸಮೇತ. ನಕಲಿಯಲ್ಲ, ಅಸಲಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನನ್ನ ತಮ್ಮನಿಗೆ ಕೈ ಇದೆ, ಕಣ್ಣಿಲ್ಲ" ಎಂದ. ಜನ ನಕ್ಕರು. ಅಂದಿನಿಂದ ನಾನು ಗ್ಯಾರೇಜಿನಲ್ಲಿ ಕೂತು ಮುರಿದ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದೇನೆ. ಅವನು ಗಾಜಿನ ಬಾಗಿಲಿನ ಅಂಗಡಿಯಲ್ಲಿ ಕೋಟು ಹಾಕಿಕೊಂಡು ಕೂರುತ್ತಾನೆ.

ಅದಕ್ಕೂ ಮೊದಲು, ಹದಿನಾರು ವರ್ಷದ ಹಿಂದೆ ಅಪ್ಪ ಹೋದಾಗ, ಅಪ್ಪನ ಕುರ್ಚಿಯನ್ನು ಹೊತ್ತುಕೊಂಡು ಹೋದವನೂ ಅವನೇ. ದಿಮ್ಮಿ ಬಿದ್ದು ಬಲಮಂಡಿ ಮಡಚಲಾಗದಂತೆ ಆದಮೇಲೆ ಬಡಗಿಯಾಗಿದ್ದ ಅಪ್ಪ ನಲವತ್ತು ವರ್ಷ ಆ ಕುರ್ಚಿಯಲ್ಲೇ ಕೂತು ನಮ್ಮನ್ನು ಸಾಕಿದರು. "ದೊಡ್ಡ ಮಗನಿಗೆ ಸೇರಬೇಕಾದ್ದು" ಎಂದ. ಕೇಳಿದ್ದು ಯಾರು?

ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದಂತೆ. ನನ್ನದಿನ್ನೂ ಹನ್ನೊಂದು. ಕೆಲಸ ಒಪ್ಪಿಕೊಂಡೆ.

ಮಾರ್ಚ್ 4, ಮಂಗಳವಾರ

ಇವತ್ತೆಲ್ಲ ಸಾಮಾನು ಒರೆಸಿದ್ದೇ ಆಯಿತು. ಟಾರ್ಚು, ಭೂತಗನ್ನಡಿ, ಕಾಲಿನ ದಪ್ಪ ಅಳೆಯುವ ಕ್ಯಾಲಿಪರ್, ಸೂಜಿ, ಮಂಡಿಯ ಕೆಳಗಿಡುವ ದಿಂಬು. ಮನೆಯವಳು ಅಂಚೆ ಕಚೇರಿಯಿಂದ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು.

"ಏನ್ರೀ, ಆಪರೇಷನ್ನಾ?"

"ಪೋಸ್ಟ್‌ಮಾರ್ಟಂ."

"ಯಾರದು?"

ಟಾರ್ಚು ಒರೆಸುತ್ತಲೇ ಇದ್ದೆ. ಇಪ್ಪತ್ತೆಂಟು ವರ್ಷ ಕೌಂಟರಿನ ಹಿಂದೆ ಕೂತವಳು, ಲಕೋಟೆ ಒಡೆಯದೆಯೇ ಒಳಗೇನಿದೆ ಎಂದು ಹೇಳಬಲ್ಲಳು. "ಜೋಪಾನ. ಸೊಂಟ ಹಿಡ್ಕೊಂಡ್ರೆ ನಾನು ಎತ್ತೋದಿಲ್ಲ" ಎಂದು ಒಳಗೆ ಹೋದಳು.

ಮಾರ್ಚ್ 6, ಗುರುವಾರ

ಸಿಕ್ಕಿಬಿದ್ದ. ಸಿಕ್ಕಿಬಿದ್ದ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಡಾಕ್ಟರಮ್ಮನ ಊಟದ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಆರು ಕುರ್ಚಿ. ಗುಂಡಗೆ ಕಡೆದ ಕಾಲು, ಏಣಿಯಂಥ ಬೆನ್ನು. ಆಸನದ ಒಳಪಟ್ಟಿಯಲ್ಲಿ ಉಳಿಯಿಂದ ಗೀಟು ಹಾಕಿದ್ದಾರೆ, ಮೊದಲನೆಯದಕ್ಕೆ ಒಂದು, ಆರನೆಯದಕ್ಕೆ ಆರು. ಡಾಕ್ಟರಮ್ಮನಿಗೆ ಎಪ್ಪತ್ತೆಂಟಂತೆ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಾನು ಕುರ್ಚಿಗಳನ್ನು ಒಂದೊಂದಾಗಿ ಬೋರಲು ಹಾಕಿ ಪಕ್ಕದಲ್ಲಿ ಮಲಗಿದ್ದನ್ನು ನೋಡಿ ನಕ್ಕರು.

"ನಮ್ಮಲ್ಲಿ ಪೇಷಂಟು ಮಲಗ್ತಿದ್ರು, ಡಾಕ್ಟರು ನಿಂತಿರ್ತಿದ್ರು. ನಿಮ್ಮಲ್ಲಿ ಇಬ್ಬರೂ ಮಲಗ್ತೀರಿ."

ಕುರ್ಚಿಯನ್ನು ಮೇಲಿನಿಂದ ನೋಡುವವನು ಗಿರಾಕಿ, ಕೆಳಗಿನಿಂದ ನೋಡುವವನು ಕಸುಬುದಾರ. ಮೇಲ್ಗಡೆ ಯಾರು ಬೇಕಾದರೂ ಪಾಲಿಶ್ ಹಚ್ಚಿ ಸುಳ್ಳು ಹೇಳಬಹುದು. ನಾನು ಮೊದಲು ಮುಟ್ಟುವುದು ಮುಂದಿನ ಅಡ್ಡಪಟ್ಟಿಯನ್ನು. ಮುಂದಿನ ಎರಡು ಕಾಲುಗಳನ್ನು ಕೂಡಿಸುವ, ಕೂತವರು ಹಿಮ್ಮಡಿ ಊರುವ ಪಟ್ಟಿ ಅದು. ಹೀಗೆ ಕಲಿಸಿದವರು ಅಪ್ಪ. ನಾವಿಬ್ಬರೂ ಮೊಳದುದ್ದ ಇದ್ದಾಗಲೇ ಕಣ್ಣು ಮುಚ್ಚಿಸಿ, ತಮ್ಮ ಕುರ್ಚಿಯ ಪಟ್ಟಿಯ ಮೇಲೆ ಬೆರಳಾಡಿಸಲು ಹೇಳುತ್ತಿದ್ದರು. "ಕಣ್ಣು ಮೋಸ ಹೋಗುತ್ತೆ, ಬೆರಳು ಹೋಗಲ್ಲ. ನಿಜವಾದ ಸವೆತ ಅಂದ್ರೆ ಇದು ಕಣ್ರೋ. ಬೆರಳಿಗೆ ನೆನಪಿರಲಿ." ಎಡಗಡೆ ಹಳ್ಳ, ಬಲಗಡೆ ನೆಟ್ಟಗೆ. ಮರಳು ಕಾಗದ ಹಿಡಿದ ಕಳ್ಳ ಎರಡೂ ಕಡೆ ಸಮನಾಗಿ ಉಜ್ಜುತ್ತಾನೆ, ಮನುಷ್ಯರು ಹಾಗೆ ಕೂರುವುದಿಲ್ಲ. ನನ್ನ ಕಸುಬಿನ ಅಡಿಪಾಯವೇ ಇದು.

ಒಂದನೆಯದು: ಎರಡೂ ಕಡೆ ಸವೆದಿದೆ. ಎರಡನೆಯದು: ಎರಡೂ ಕಡೆ. ಮೂರು, ನಾಲ್ಕು, ಐದು, ಎಲ್ಲವೂ ಎರಡೂ ಕಡೆ. ಕಿಟಕಿ ಪಕ್ಕದ ಆರನೆಯದು ಮಾತ್ರ ಅಪ್ಪ ಹೇಳಿದಂತೆ, ಎಡಗಡೆ ಬೆರಳು ಜಾರಿ ಹಳ್ಳಕ್ಕಿಳಿಯಿತು.

ಅಂದರೆ ಒಂದು ಅಸಲಿ ಇಟ್ಟುಕೊಂಡು ಅದರ ಜೊತೆಗೆ ಐದು ನಕಲಿ ಕಟ್ಟಿದ್ದಾನೆ. ಒಂದಲ್ಲ, ಎರಡಲ್ಲ, ಐದು. ಆರರ ಸೆಟ್ಟಿಗೆ ಇರುವ ಬೆಲೆ ಬಿಡಿ ಕುರ್ಚಿಗೆ ಇಲ್ಲ. ಎಲ್ಲ ಹಲ್ಲೂ ಇರುವ ಬಾಯಿಗೂ ಒಂದೇ ಹಲ್ಲಿನ ಬಾಯಿಗೂ ಇರುವಷ್ಟು ವ್ಯತ್ಯಾಸ.

ಡಾಕ್ಟರಮ್ಮ ಟೀ ಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ನನಗೆ ಪಾಯಸ ಕುಡಿದಂತಾಯಿತು.

ಮಾರ್ಚ್ 7, ಶುಕ್ರವಾರ

ಹಾಲಿನಲ್ಲಿ ಆಡಬೇಕಾದ ಮಾತು ಹೊಂದಿಸುತ್ತಿದ್ದೇನೆ. "ಈ ಸಾಹೇಬರಿಗೆ ಅಂಗಡಿ ಇದೆ, ಮಾನ ಇಲ್ಲ." ಮೊನಚು ಸಾಲದು. "ನನಗೆ ಕಣ್ಣಿಲ್ಲ ಅಂದವರ ಕಣ್ಣು ಈಗ ಎಲ್ಲಿದೆ ನೋಡಿ, ನೆಲದ ಮೇಲಿದೆ." ಇದು ಪರವಾಗಿಲ್ಲ. ಆದರೆ ಅವನು ಆಗ ನೆಲ ನೋಡುತ್ತಿರಬೇಕು, ಇಲ್ಲದಿದ್ದರೆ ಕೆಡುತ್ತದೆ.

ಬಚ್ಚಲಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಮನೆಯವಳು ಬಾಗಿಲು ತಟ್ಟಿ, "ಒಳಗೆ ಯಾರಾದ್ರೂ ಬಂದಿದ್ದಾರಾ?" ಅಂದಳು.

ಮಾರ್ಚ್ 10, ಸೋಮವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ವರದಿಗೆ ಮಿಕ್ಕ ಪರೀಕ್ಷೆಗಳೂ ಬೇಕು. ಬೆರಳು ಹೇಳಿತು ಎಂದು ಬರೆದರೆ ಮೇನೇಜರು ಒಪ್ಪುವುದಿಲ್ಲ. ಕ್ಯಾಲಿಪರ್ ಹಿಡಿದೆ. ಗುಂಡಗೆ ಕಡೆದ ಕಾಲು ನೂರು ವರ್ಷ ಒಣಗಿದರೆ ಗುಂಡಗೆ ಉಳಿಯುವುದಿಲ್ಲ. ಒಂದು ದಿಕ್ಕಿನಲ್ಲಿ ಹೆಚ್ಚು ಕುಗ್ಗಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಕಣ್ಣಿಗೆ ಕಾಣದು, ಅಳತೆಗೆ ಸಿಗುತ್ತದೆ. ನಾನು ನಕಲಿ ಎಂದುಕೊಂಡ ಐದೂ ಕುರ್ಚಿಗಳ ಕಾಲು ಮೊಟ್ಟೆಯಾಕಾರ. ಆರನೆಯದರ ಕಾಲು ಬಳೆಯಂತೆ ಗುಂಡಗೆ.

ಕ್ಯಾಲಿಪರ್ ಕೆಟ್ಟಿರಬೇಕೆಂದು ಜೇಬಿನ ನಾಣ್ಯ ಅಳೆದೆ. ಕೆಟ್ಟಿರಲಿಲ್ಲ.

ಕೀಲುಗಳ ಮರದ ಬೆಣೆ ನೋಡಿದೆ. ಸುತ್ತಲ ಮರ ಕುಗ್ಗಿದಾಗ ಬೆಣೆ ಕೂದಲೆಳೆಯಷ್ಟು ಹೊರಗೆ ಬರುತ್ತದೆ. ಐದರಲ್ಲೂ ಬಂದಿದೆ. ಆರನೆಯದರಲ್ಲಿ ನುಣ್ಣಗೆ ಮಟ್ಟವಾಗಿದೆ. ಹುಳು ತೂತು ನೋಡಿದೆ. ಹುಳು ಒಳಗೆ ಸುರಂಗ ಕೊರೆದು, ಹೊರಗೆ ಬರುವಾಗ ಮಾತ್ರ ಗುಂಡು ತೂತು ಬಿಡುತ್ತದೆ. ಆರನೆಯದರ ಹಿಂಗಾಲಿನಲ್ಲಿ ಸುರಂಗವೇ ಉದ್ದಕ್ಕೆ ಸೀಳಿ ಮೇಲೆ ಕಾಣುತ್ತಿದೆ, ಮೇಣ ತುಂಬಿ ಮುಚ್ಚಿದ್ದಾರೆ. ಹಾಗಾದರೆ ಹುಳು ತಿಂದ ಹಳೆ ಮರವನ್ನು ಆಮೇಲೆ ಯಾರೋ ಕೊಯ್ದು ಕಡೆದಿದ್ದಾರೆ.

ಮೂರು ಸಾಕ್ಷಿ ಒಂದು ಕಡೆ, ಅಪ್ಪನ ಪಾಠ ಇನ್ನೊಂದು ಕಡೆ. ಐದು ಅಸಲಿ, ಒಂದು ನಕಲಿ ಎನ್ನುತ್ತಿದೆ ಮರ. ನನ್ನ ಬೆರಳು ತಿರುಗಾಮುರುಗಾ ಹೇಳುತ್ತಿದೆ.

ಡಾಕ್ಟರಮ್ಮ ಆ ಆರನೆಯದರಲ್ಲೇ ಕೂತು ಪೇಪರು ಓದುತ್ತಿದ್ದರು. ಏಳಿಸಿ ಅಳೆಯಬೇಕಾಯಿತು. "ಬೇಗ ಮುಗಿಸಿ. ಬೆನ್ನು ನೋಯಿಸದೇ ಇರೋದು ಇದೊಂದೇ" ಅಂದರು.

ಮಾರ್ಚ್ 11, ಮಂಗಳವಾರ

ಏನೂ ಇಲ್ಲ. ಬೆತ್ತ ಎರಡು ಸಲ ತಪ್ಪಿ ಹೆಣೆದೆ.

ಮಾರ್ಚ್ 13, ಗುರುವಾರ

ಮನೆಯವಳಿಗೆ ಇವತ್ತು ರಜೆ. ಗ್ಯಾರೇಜಿನಲ್ಲಿ ನನ್ನ ಎದುರಿಗೆ, ರಿಪೇರಿಗೆ ಬಂದ ಕುರ್ಚಿಯೊಂದರಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ನನ್ನ ಕಣ್ಣು ಅವಳ ಕಾಲಿನ ಮೇಲೆ ಹೋಯಿತು.

"ಯಾಕೆ ಹಾಗೆ ಕೂತಿದ್ದೀಯ?"

"ಹೇಗೆ?"

"ಎರಡೂ ಕಾಲು ಪಟ್ಟಿ ಮೇಲಿಟ್ಟು."

"ಇರೋದೇ ಎರಡು. ಒಂದನ್ನ ಪಕ್ಕದ ಮನೇಲಿ ಇಡ್ಲಾ?"

"ಬಲಗಾಲು ಮುಂದಕ್ಕೆ ಚಾಚು ನೋಡೋಣ."

ಚಾಚಿದಳು. ಬೀನ್ಸಿನ ತಟ್ಟೆ ಜಾರಿತು. "ಇದೇನ್ರೀ ಶಿಕ್ಷೆ. ಹೀಗೆ ಮಾವ ಕೂರ್ತಿದ್ರು, ಪಾಪ, ಅವರ ಮಂಡಿ ಮಡಚ್ತಿರಲಿಲ್ಲ. ನನಗೇನಾಗಿದೆ?"

ನಾನು ಕೈಯಲ್ಲಿದ್ದ ಬೆತ್ತ ಕೆಳಗಿಟ್ಟೆ.

ಅಪ್ಪನ ಬಲಗಾಲು ಯಾವತ್ತೂ ಪಟ್ಟಿಯ ಮೇಲೆ ಕೂತಿರಲಿಲ್ಲ. ಸದಾ ಮುಂದಕ್ಕೆ ಚಾಚಿರುತ್ತಿತ್ತು. ನಾವು ಅದನ್ನು ದಾಟಿಕೊಂಡು ಓಡಾಡುತ್ತಿದ್ದೆವು. ಊರಿಗೆಲ್ಲ ಕಾಣುತ್ತಿದ್ದ ಕಾಲು, ಅದರ ಗುರುತು ನಮಗೆ ಪಟ್ಟಿಯಲ್ಲಿ ಕಾಣಲಿಲ್ಲ. ಹಳೆಯ ಕುರ್ಚಿ ಎಂದರೆ ಎಡಗಡೆ ಸವೆದಿರುತ್ತದೆ ಎಂದು ಕಲಿತೆವು. ಸವೆದಿದ್ದು ಹಳೆಯ ಕುರ್ಚಿಯಲ್ಲ, ಅಪ್ಪನ ಕುರ್ಚಿ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರಿಗೂ ಗೊತ್ತಿರಲಿಲ್ಲ. ಅವರ ಕಾಲು ಅವರಿಗೆ ಲೋಕದ ಕಾಲಾಗಿತ್ತು.

ಮಧ್ಯಾಹ್ನ ಅಟ್ಟದಿಂದ ನನ್ನ ಹಳೆ ನೋಟುಪುಸ್ತಕಗಳನ್ನು ಇಳಿಸಿದೆ. ಎರಡೂ ಕಡೆ ಸವೆದ ಕುರ್ಚಿ ಬಂದಾಗಲೆಲ್ಲ "ಅನುಮಾನ" ಎಂದು ಬರೆದಿದ್ದೇನೆ, ದುಂಡು ಅಕ್ಷರದಲ್ಲಿ. ಬೇರೆ ಗುರುತುಗಳು ಸರಿಯಿದ್ದರೂ ಹಾಗೆಯೇ ಬರೆದಿದ್ದೇನೆ. ನಲವತ್ತಮೂರು ಕುರ್ಚಿಗಳು. ಯಾರೋ ಅವ್ವನ ಕುರ್ಚಿ ಎಂದು ತಂದದ್ದು, ಯಾರೋ ಮದುವೆಗೆ ಬಂದದ್ದು ಎಂದು ತಂದದ್ದು. ಅನುಮಾನ ಎಂದರೆ ಬೆಲೆ ಹೋಯಿತು, ಅಷ್ಟೇ. ನಲವತ್ತಮೂರನೆಯದು ಕಾನೂನು ಕಾಲೇಜಿನದು.

ಅಂದರೆ ಅವನು ಅಂದು ಹೇಳಿದ್ದು ನಿಜ.

ಇಲ್ಲ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆರನೆಯ ಕುರ್ಚಿ ಇದೆಯಲ್ಲ. ಹಳೆಯ ಮರ ಹುಡುಕಿ, ಕಡೆದು, ಮೇಣ ತುಂಬಿ, ಕೊನೆಗೆ ಹಳೆಯದಾಗಿ ಕಾಣಲೆಂದು ಎಡಗಡೆ ಮಾತ್ರ ಹಳ್ಳ ತೋಡಿದವನು ಯಾರು? ಸವೆತ ಹಾಗಿರುತ್ತದೆ ಎಂದು ನಂಬಿದವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ನಾನು. ನಾನು ಮಾಡಿಲ್ಲ.

ಮಾರ್ಚ್ 14, ಶುಕ್ರವಾರ

ಲೆಕ್ಕ ಹೀಗಿದೆ. ಆರನೆಯದು ಹೊಸದು ಎಂದು ತೋರಿಸಲು ಕಾಲಿನ ಅಳತೆ, ಬೆಣೆ, ಹುಳುವಿನ ಸುರಂಗ, ಇಷ್ಟು ಸಾಕು. ನನ್ನ ವರದಿ ಸರಿಯಾಗುತ್ತದೆ, ಹಳೆಯ ಜಾಗ ಸಿಗುತ್ತದೆ. ಆದರೆ ಮಾಡಿದವನು ಯಾರೆಂದು ಆ ಮೂರೂ ಹೇಳುವುದಿಲ್ಲ. ಅವನು ಬಂದು, "ನಾನೂ ಮೋಸ ಹೋಗಿದ್ದೆ, ಅಯ್ಯೋ" ಎಂದು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರೆ ಮುಗಿಯಿತು.

ಅವನ ಹೆಸರು ಹೇಳುವುದು ಎಡಗಡೆಯ ಹಳ್ಳ ಒಂದೇ. ಅದನ್ನು ಎತ್ತಿದರೆ ನನ್ನ ನಲವತ್ತಮೂರೂ ಹೊರಗೆ ಬರುತ್ತವೆ. ಆ ಮೇಲೆ ಯಾರೂ ನನ್ನ ಕೈಗೆ ಮೂರು ಕಾಲಿನ ಸ್ಟೂಲನ್ನೂ ಪರೀಕ್ಷೆಗೆ ಕೊಡುವುದಿಲ್ಲ.

ಮನೆಯವಳಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಪಕ್ಕದವನಿಗೆ ಅಪಶಕುನ ಆಗ್ಲಿ ಅಂತ ಮೂಗು ಕುಯ್ಕೊಂಡನಂತೆ ಒಬ್ಬ" ಅಂದಳು.

"ಅಪಶಕುನ ಆಯ್ತಾ ಇಲ್ವಾ?"

"ಆಯ್ತೇನೋ. ಆದ್ರೆ ನೆಗಡಿ ಬಂದಾಗ ಕಷ್ಟ."

ಮಾರ್ಚ್ 17, ಸೋಮವಾರ

ಕರಡು ವರದಿ ಕೊಟ್ಟೆ. ಮೂರು ಸಾಕ್ಷಿ ಮಾತ್ರ ಬರೆದಿದ್ದೆ. ಮೇನೇಜರು ಓದಿ ಎದ್ದು ನಿಂತು ಕೈಕುಲುಕಿದರು. ಒಳಗಿನ ಕೋಣೆ ತೋರಿಸಿದರು. ನನ್ನ ಹಳೆಯ ಮೇಜು ಅಲ್ಲೇ ಇದೆ, ಬಲಗಡೆಯ ಡ್ರಾಯರು ಈಗಲೂ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ನಿಮಿಷ ಕೂತೆ.

"ಹರಾಜಿನ ದಿನ ನೀವೇ ಎದ್ದು ಓದಿ. ಮಾಡಿದವರು ಯಾರು ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ಬಿಡಿ. ನಿಮ್ಮ ಅಣ್ಣನವರೂ ನಮ್ಮ ಹಳೇ ಗಿರಾಕಿ, ಅವರಿಗೂ ಒಂದು ದಾರಿ ಇರಲಿ" ಅಂದರು.

ದಾರಿಯಂತೆ. ನನಗೆ ಯಾರು ಬಿಟ್ಟಿದ್ದರು ದಾರಿ?

ಮಾರ್ಚ್ 20, ಗುರುವಾರ

ಅವನ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಹತ್ತು ನಿಮಿಷ ನಿಂತಿದ್ದೆ. ಹೊಡೆಯುವ ಮುಂಚೆ ಮುಖ ನೋಡಿಕೊಳ್ಳಬೇಕಲ್ಲ. ಗಾಜಿನ ಹಿಂದೆ ಅಪ್ಪನ ಕುರ್ಚಿಯಲ್ಲಿ ಕೂತಿದ್ದ. ಮಾರುವ ಕುರ್ಚಿ ಅಷ್ಟೊಂದು ಇದ್ದರೂ ಅದರಲ್ಲೇ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಣ್ಣ ಹಾಕುವುದನ್ನೂ ಬಿಟ್ಟಿದ್ದಾನೆ. ಎಡಗಾಲು ಪಟ್ಟಿಯ ಮೇಲೆ, ಬಲಗಾಲು ಮುಂದಕ್ಕೆ ಚಾಚಿಕೊಂಡು. ಅವನ ಬಲಗಾಲಿಗೆ ಏನೂ ಆಗಿಲ್ಲ. ನಾಟಕ.

ಗಿರಾಕಿ ಒಬ್ಬರೂ ಬರಲಿಲ್ಲ. ಬರದಿದ್ದರೆ ನನಗೇನು. ಕಾಲು ಆ ಭಂಗಿಯಲ್ಲಿ ಮರಗಟ್ಟುವುದಿಲ್ಲವೇ ಎಂದುಕೊಂಡೆ, ಅಷ್ಟೇ.

ಮಾರ್ಚ್ 22, ಶನಿವಾರ

ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಾಲು ತುಂಬಿತ್ತು. ಆರು ಕುರ್ಚಿಗಳನ್ನು ವೇದಿಕೆಯ ಮೇಲೆ ಸಾಲಾಗಿ ಇಟ್ಟಿದ್ದರು. ಡಾಕ್ಟರಮ್ಮ ಮೊದಲ ಸಾಲಿನಲ್ಲಿ, ಅವನು ಮೂರನೆಯ ಸಾಲಿನ ತುದಿಯಲ್ಲಿ. ನಾನು ವರದಿ ಓದಿದೆ. ಐದು ಅಸಲಿ, ಒಂದು ಈಚಿನದು. ಗುಸುಗುಸು ಎದ್ದಿತು. ಅವನು ಕರವಸ್ತ್ರ ತೆಗೆದ. ನಾನು ಅಂದುಕೊಂಡಂತೆಯೇ ತೆಗೆದ.

ಯಾರೋ ಕೇಳಿದರು, "ಮಾಡಿದ್ದು ಯಾರು ಅಂತ ಹೇಳಕ್ಕಾಗುತ್ತಾ?"

ಮೇನೇಜರು ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ಗೊತ್ತಿಲ್ಲ ಎಂಬ ಒಂದು ಪದಕ್ಕೆ ಆ ಮೇಜು, ಆ ಡ್ರಾಯರು, ಆ ಕೋಣೆ ನನ್ನದಾಗುತ್ತಿತ್ತು. ಕನ್ನಡಿಯ ಮುಂದೆ ಹೊಂದಿಸಿಕೊಂಡ ಮೊನಚು ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಆಗುತ್ತೆ" ಅಂದೆ. ಆರನೆಯ ಕುರ್ಚಿಯನ್ನು ಬೋರಲು ಹಾಕಿದೆ. ಅಡ್ಡಪಟ್ಟಿ ತೋರಿಸಿದೆ. "ನೀವೆಲ್ಲ ಈಗ ಕೂತಿದ್ದೀರಲ್ಲ, ನಿಮ್ಮ ಕಾಲು ನೋಡ್ಕೊಳ್ಳಿ. ಪಟ್ಟಿ ಮೇಲೆ ಇದ್ರೆ ಎರಡೂ ಇರುತ್ತೆ. ಈ ಕುರ್ಚಿ ಎಡಗಡೆ ಮಾತ್ರ ಸವೆದಿದೆ. ಬಲಮಂಡಿ ಮಡಚಕ್ಕಾಗದ ಒಬ್ಬ ಬಡಗಿ ಇದ್ದ. ಅವನ ಕುರ್ಚಿ ಹೀಗೆ ಸವೆದಿತ್ತು. ಹಳೇ ಕುರ್ಚಿ ಅಂದ್ರೆ ಹೀಗೇ ಇರುತ್ತೆ ಅಂತ ತನ್ನ ಇಬ್ಬರು ಮಕ್ಕಳಿಗೆ ಕಲಿಸಿದ. ದೊಡ್ಡವನು ಇದನ್ನ ಮಾಡಿದ."

ಸಾಲುಗಳಲ್ಲಿ ಜನ ಬಗ್ಗಿ ತಮ್ಮ ಕಾಲು ನೋಡಿಕೊಂಡರು.

"ಚಿಕ್ಕವನು?" ಎಂದರು ಡಾಕ್ಟರಮ್ಮ.

"ಚಿಕ್ಕವನು ಇಲ್ಲಿ ಪರೀಕ್ಷಕನಾಗಿದ್ದ. ಎರಡೂ ಕಡೆ ಸವೆದ ನಲವತ್ತಮೂರು ಕುರ್ಚಿ ಮೇಲೆ ಅನುಮಾನ ಅಂತ ಬರೆದ. ಎಷ್ಟು ಅಸಲಿ ಇದ್ವೋ ಗೊತ್ತಿಲ್ಲ."

ಮೇನೇಜರು ಪೆನ್ನಿಗೆ ಕ್ಯಾಪು ಹಾಕಿದರು. ನನ್ನ ಜಾಗಕ್ಕೆ ಬೀಗ ಬಿದ್ದದ್ದು ಆಗಲೇ.

ಅವನು ಎದ್ದು ನಿಂತ. ಕರವಸ್ತ್ರವನ್ನು ಜೇಬಿಗೆ ಹಾಕಿ, "ಹೌದು. ನಾನೇ ಮಾಡಿದ್ದು" ಎಂದ. "ಐದೇ ಸಿಕ್ಕಿದ್ವು. ಆರನೇದು ನಾನು ಮಾಡ್ದೆ. ಆ ಐದರ ಪಟ್ಟಿ ಸರಿ ಅನ್ನಿಸಲಿಲ್ಲ, ಇದನ್ನ ಅಪ್ಪ ಕಲಿಸಿದ ಹಾಗೆ ಸವೆಸ್ದೆ. ಡಾಕ್ಟರಮ್ಮ, ಅದನ್ನ ವಾಪಸ್ ತಗೋತೀನಿ."

"ಯಾರು ಕೊಡ್ತಾರೆ?" ಎಂದರು ಡಾಕ್ಟರಮ್ಮ. "ಆ ಐದರಲ್ಲಿ ಹತ್ತು ನಿಮಿಷ ಕೂರಕ್ಕಾಗಲ್ಲ. ಅವನ್ನ ಮಾರಿ. ಇದು ನನ್ನ ಜೊತೆ ಬರುತ್ತೆ. ಮೋಸಕ್ಕೆ ಬೇರೆ ಬೈತೀನಿ, ಮನೆಗೆ ಬನ್ನಿ."

ಹನ್ನೊಂದು ವರ್ಷ ಕಾದ ಗಳಿಗೆ ಇದು. ಜನ ಈ ಸಲ ಅವನನ್ನು ನೋಡಿದರು, ನನ್ನನ್ನೂ ನೋಡಿದರು. ಯಾರೂ ನಗಲಿಲ್ಲ. ಗೆದ್ದೆನೆಂದು ಎದೆ ಉಬ್ಬಬೇಕಿತ್ತು. ಹಸಿವಾಗುತ್ತಿತ್ತು ಅಷ್ಟೇ.

ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ. ದಾಟಿ ಹೋಗೋಣವೆಂದರೆ ದಾರಿ ಅದೊಂದೇ.

"ಕಾಲೇಜಿನ ಕುರ್ಚಿ ದಿನ ನಾನು ಯಾಕೆ ಎದ್ದು ಬಂದೆ ಗೊತ್ತಾ?" ಅಂದ. "ಪಟ್ಟಿ ನೋಡಿ ನನಗೂ ನಕಲಿ ಅನ್ನಿಸ್ತು. ಜನ ನಿನ್ನ ಮಾತು ನಂಬ್ತಿರಲಿಲ್ಲ. ನೀನು ಹೇಳಿದ್ದು ಸರಿ ಅಂತ ತೋರಿಸೋಕೆ ಬಟ್ಟೆ ಕಿತ್ತೆ."

ನಾನು ಕೈಯಲ್ಲಿದ್ದ ವರದಿಯನ್ನು ನಾಲ್ಕಾಗಿ ಮಡಚಿದೆ.

"ಚೀಟಿ ಕಾಣಿಸ್ತು. ಅಪ್ಪನ ಪಾಠ ತಪ್ಪು ಅಂತ ಗೊತ್ತಾಗಿ, ತಕ್ಷಣ ಡಾಕ್ಟರಮ್ಮನ ಮನೇಲಿರೋ ಆರನೇದು ನೆನಪಾಯ್ತು. ಅದನ್ನ ಹಿಡಿಯೋನು ಒಬ್ಬನೇ, ನೀನು. ಹೆದರಿಕೆ ಆಯ್ತು. ಅದಕ್ಕೇ ಕಣ್ಣಿಲ್ಲ ಅಂದ್ಬಿಟ್ಟೆ. ಕಣ್ಣಿಲ್ಲದವನ ಮಾತು ಯಾರು ಕೇಳ್ತಾರೆ ಅಂತ."

"ನಾನು ನಿನ್ನ ಕ್ಷಮಿಸಲ್ಲ" ಅಂದೆ.

"ಕೇಳಿದ್ನಾ?" ಅಂದ.

ಇಬ್ಬರೂ ಮೆಟ್ಟಿಲಿಳಿದೆವು. ಅವನು ಬಲಕ್ಕೆ ಹೋದ, ನಾನು ಎಡಕ್ಕೆ ಬಂದೆ. ಮನೆಯವಳು ಬಾಗಿಲಲ್ಲೇ ನಿಂತು ನನ್ನ ಮೂಗು ಮುಟ್ಟಿ ನೋಡಿದಳು. "ಇದೆ" ಅಂದಳು.

ಮಾರ್ಚ್ 24, ಸೋಮವಾರ

ಪತ್ರ ಬರೆಯಲು ಶುರುಮಾಡಿದೆ. ನಿಮ್ಮ ಕುರ್ಚಿಯ ಬಗ್ಗೆ ನಾನು ಬರೆದ ಅನುಮಾನ ನನ್ನ ತಪ್ಪು, ಬೇರೆಯವರಿಗೆ ತೋರಿಸಿ, ಇತ್ಯಾದಿ. ಒಂಬತ್ತು ಆಯಿತು. ಎಷ್ಟು ಜನ ಅದೇ ವಿಳಾಸದಲ್ಲಿದ್ದಾರೋ, ಎಷ್ಟು ಜನ ಇದ್ದಾರೋ. ಮನೆಯವಳು ಅಂಚೆಚೀಟಿ ತಂದಿದ್ದಾಳೆ. "ನಮ್ಮ ಕೌಂಟರಿಗೆ ಇಷ್ಟು ಒಳ್ಳೇ ಗಿರಾಕಿ ಬಂದಿರಲಿಲ್ಲ" ಅಂತಾಳೆ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಸಾಗಾಣಿಕೆ ಗಾಡಿಯವನು ಬಂದು ಅಪ್ಪನ ಕುರ್ಚಿ ಇಳಿಸಿ ಹೋದ. ಜೊತೆಗೆ ಒಂದು ಸಾಲು ಕಾಗದವೂ ಇಲ್ಲ. ಅಷ್ಟು ಸೊಕ್ಕು.

ಅಭ್ಯಾಸಬಲ, ವರದಿ ಬರೆದೆ. ವಯಸ್ಸು: ಅರವತ್ತೊಂದು, ನನಗಿಂತ ಎರಡು ವರ್ಷ ಹಿರಿದು, ಅಣ್ಣನಿಗಿಂತ ಒಂದು ವರ್ಷ ಕಿರಿದು. ಮರ: ಸಾಧಾರಣ. ಕೆಲಸ: ಗಟ್ಟಿ. ಸವೆತ: ಎಡಗಡೆ ಮಾತ್ರ. ಹರಾಜಿನಲ್ಲಿ ಬೆಲೆ: ಏನೂ ಇಲ್ಲ. ಕಣ್ಣು ಮುಚ್ಚಿ ಪಟ್ಟಿಯ ಮೇಲೆ ಬೆರಳಾಡಿಸಿದೆ. ಹಳ್ಳ ಇನ್ನಷ್ಟು ಆಳವಾಗಿದೆ. ಹದಿನಾರು ವರ್ಷ ಇನ್ನೊಂದು ಕಾಲು ಅದೇ ಜಾಗದಲ್ಲಿ ಊರಿದೆ.

ಆಮೇಲೆ ಕೂತೆ. ಕಿರ್ರೆಂದಿತು. ಬೋರಲು ಹಾಕಿ ನೋಡಿದರೆ ಹಿಂದಿನ ಬಲಗಾಲಿನ ಕೀಲು ಸಡಿಲ. ಬೆಣೆ ಯಾವಾಗಲೋ ಬಿದ್ದುಹೋಗಿದೆ. ಹದಿನಾರು ವರ್ಷ ಇಟ್ಟುಕೊಂಡು ಒಂದು ಬೆಣೆ ಹೊಡೆಯಲು ಆಗಲಿಲ್ಲವೇ ಈ ದೊಡ್ಡ ಕುಶಲಕರ್ಮಿಗೆ? ಬೇಕೆಂದೇ ಹಾಗೆ ಕಳಿಸಿದ್ದಾನೆ, ನಾನು ಸರಿ ಮಾಡಿಕೊಳ್ಳಲಿ ಎಂದು. ನನಗೆ ಹತ್ತು ನಿಮಿಷದ ಕೆಲಸ. ಆದರೆ ಮಾಡುವುದಿಲ್ಲ, ಜಪ್ಪಯ್ಯ ಎಂದರೂ ಮಾಡುವುದಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಕೀಲು ಸಡಿಲ ಇದೆ. ನೀನೇ ಬಂದು ಸರಿ ಮಾಡು. ಅಂಟು ನೀನೇ ತಾ, ನನ್ನದು ಗಿರಾಕಿಗಳಿಗೆ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟೆ.

ನಾಳೆ ಬರುತ್ತಾನಂತೆ, ಮನೆಯವಳಿಗೆ ಫೋನ್ ಮಾಡಿ ಹೇಳಿದ್ದಾನೆ. ಗ್ಯಾರೇಜಿನ ಕೆಲಸದ ಮೇಜಿನ ಅರ್ಧ ಖಾಲಿ ಮಾಡಿದ್ದೇನೆ, ಅವನ ಸಾಮಾನು ನನ್ನದರ ಜೊತೆ ಬೆರೆಯಬಾರದಲ್ಲ. ಅಣ್ಣನ ಕೈ ಮೊದಲಿಂದಲೂ ನಿಧಾನ. ಒಂದು ಕೀಲಿಗೆ ಇಡೀ ದಿನ ಹಿಡಿಯುತ್ತಾನೆ. ಹಿಡಿಯಲಿ.